ವರದಿಯೆಲ್ಲ ಹಸಿರು, ಪಂಪು ಮಾತ್ರ ಅದುರುತ್ತದೆ

ಪ್ರಶ್ನೆ: ನಾನು ವಿಜಯಪುರ ಜಿಲ್ಲೆಯವನು. ಪುಣೆಯ ಭೋಸರಿಯಲ್ಲಿ ಸಣ್ಣ ವರ್ಕ್‌ಶಾಪ್ ನಡೆಸುತ್ತಿದ್ದೇನೆ. ಗಿರಾಕಿಯೊಬ್ಬರು ನದಿಯ ನೀರೆತ್ತುವ ಹಳೆಯ ಪಂಪಿನ ಇಂಪೆಲ್ಲರ್ (ಒಳಗೆ ತಿರುಗಿ ನೀರನ್ನು ತಳ್ಳುವ ಚಕ್ರ) ತಂದು, ಇಂಥದೇ ಇನ್ನೊಂದು ಮಾಡಿಕೊಡಿ ಎಂದರು. ಡ್ರಾಯಿಂಗ್ ಇಲ್ಲ, ಮಾಡಿದ ಕಂಪನಿ ಈಗ ಇಲ್ಲ. ಐದು ಬ್ಲೇಡು, ಎರಡೂ ಬದಿ ತಟ್ಟೆಯಿಂದ ಮುಚ್ಚಿದ ಇಂಪೆಲ್ಲರ್, ಹೊರವ್ಯಾಸ 245 ಮಿ.ಮೀ., ಬೋರ್ (ಶಾಫ್ಟ್ ಕೂರುವ ನಡುವಿನ ತೂತು) 35 ಮಿ.ಮೀ., ತೂಕ 6 ಕಿಲೋ, ಮೋಟರ್ ವೇಗ ನಿಮಿಷಕ್ಕೆ 1450 ಸುತ್ತು. ಹೊರಗೆ ತ್ರೀಡಿ ಸ್ಕ್ಯಾನ್ ಮಾಡಿಸಿ, ಅದೇ ಫೈಲಿಗೆ, ಎರಕ ತಣಿದಾಗ ಆಗುವ ಶೇ. 1ರಷ್ಟು ಕುಗ್ಗುವಿಕೆ ಸೇರಿಸಿ ಪ್ಯಾಟರ್ನ್ (ಅಚ್ಚು ತೆಗೆಯುವ ಮಾದರಿ) ಪ್ರಿಂಟ್ ಮಾಡಿಸಿ, ಬೀಡು ಕಬ್ಬಿಣದಲ್ಲಿ ಎರಕ ಹೊಯ್ಯಿಸಿ, ನನ್ನ ಲೇತಿನಲ್ಲೇ ಬೋರ್ ಹೊಡೆದೆ. ಹೊಸದನ್ನು ಹಳೆಯದರ ಸ್ಕ್ಯಾನಿಗೆ ಹೋಲಿಸಿದ ವರದಿಯಲ್ಲಿ ಎಲ್ಲವೂ ಹಸಿರು, ಅಂದರೆ ವ್ಯತ್ಯಾಸವೆಲ್ಲ ಮಿತಿಯೊಳಗೆ. ಆದರೆ ಪಂಪಿಗೆ ಕೂರಿಸಿದರೆ ವಿಪರೀತ ಅದುರುತ್ತದೆ, ನೀರೂ ಮೊದಲಿನ ಎತ್ತರಕ್ಕೆ ಏರುವುದಿಲ್ಲ. ಎಲ್ಲಿ ತಪ್ಪಾಯಿತು? ಇನ್ನೊಂದು ಮಾತು. ನಮ್ಮ ಮನೆಯಲ್ಲಿ ಮೈಲಾರಲಿಂಗನ ಹಿತ್ತಾಳೆಯ ಮುಖವಾಡವಿದೆ. ಮೂವರು ಅಣ್ಣತಮ್ಮಂದಿರ ಮನೆಗಳಲ್ಲಿ ವರ್ಷಕ್ಕೊಬ್ಬರಂತೆ ಪೂಜೆ ನಡೆಯುತ್ತದೆ. ಅದರ ಎರಡು ಪ್ರತಿ ಮಾಡಿಸಬೇಕೆಂದು ತಾಯಿಯ ಆಸೆ. ಮೊಬೈಲಿನಲ್ಲೇ ಸ್ಕ್ಯಾನ್ ಆಗುತ್ತದೆ ಎನ್ನುತ್ತಾನೆ ಮಗ. ಇಂಪೆಲ್ಲರಿಗೆ ಆದದ್ದೇ ಅದಕ್ಕೂ ಆದೀತೆಂದು ಹೆದರಿಕೆ.

ಉತ್ತರ: ನೀವು ಕಳಿಸಿದ ವರದಿಯನ್ನೂ ಫೈಲುಗಳನ್ನೂ ಎರಡು ಸಂಜೆ ಕೂತು ನೋಡಿದೆ. ವರದಿಯಲ್ಲಿ ಸುಳ್ಳಿಲ್ಲ. ಸ್ಕ್ಯಾನ್ ಮಾಡಿದವರು ಮೋಸ ಮಾಡಿಲ್ಲ, ಫೌಂಡ್ರಿಯವರ ಎರಕವೂ ಚೆನ್ನಾಗಿದೆ. ಹೊಸ ಇಂಪೆಲ್ಲರ್ ಹಳೆಯದರಂತೆಯೇ ಇದೆ ಎಂದು ವರದಿ ಹೇಳುತ್ತಿದೆ. ನಿಮ್ಮ ತೊಂದರೆಯ ಅರ್ಧ ಅಲ್ಲೇ ಇದೆ. ಹಳೆಯದು ಸವೆದು ಕೆಲಸಕ್ಕೆ ಬಾರದಂತಾದದ್ದರಿಂದಲೇ ಗಿರಾಕಿ ನಿಮ್ಮ ಬಾಗಿಲಿಗೆ ಬಂದದ್ದು. ಆ ಸವೆತವನ್ನೂ ಸೇರಿಸಿ ನಕಲು ತೆಗೆದಿದ್ದೀರಿ. ಉಳಿದರ್ಧ, ಒಂದನ್ನು ಇನ್ನೊಂದಕ್ಕೆ ಹೋಲಿಸಿದ ರೀತಿಯಲ್ಲಿದೆ.

ಮೊದಲು ಸ್ಕ್ಯಾನರ್ ಏನನ್ನು ನೋಡುತ್ತದೆ ಎಂಬುದು ಸ್ಪಷ್ಟವಾಗಲಿ. ಪ್ರೊಜೆಕ್ಟರೊಂದು ವಸ್ತುವಿನ ಮೇಲೆ ಬೆಳಕಿನ ಸಣ್ಣ ಸಣ್ಣ ಪಟ್ಟೆಗಳನ್ನು ಬಿಡುತ್ತದೆ. ಪಕ್ಕದಲ್ಲಿ, ಗೊತ್ತಾದ ದೂರ ಮತ್ತು ಕೋನದಲ್ಲಿ ಕೂತ ಕ್ಯಾಮೆರಾ ಆ ಪಟ್ಟೆಗಳನ್ನು ಹಿಡಿಯುತ್ತದೆ. ಸಪಾಟಾದ ಜಾಗದಲ್ಲಿ ಪಟ್ಟೆ ನೇರವಾಗಿರುತ್ತದೆ, ಉಬ್ಬು ತಗ್ಗು ಬಂದಲ್ಲಿ ಬಾಗುತ್ತದೆ. ಎಷ್ಟು ಬಾಗಿತು ಎಂಬುದರಿಂದ ತ್ರಿಕೋನದ ಲೆಕ್ಕ ಹಾಕಿದರೆ ಪ್ರತಿ ಬಿಂದು ಎಲ್ಲಿದೆ ಎಂದು ತಿಳಿಯುತ್ತದೆ. ಸರ್ವೆಯವರು ಗುಡ್ಡದ ತುದಿಯನ್ನು ಹತ್ತದೆಯೇ ಅದರ ದೂರ ಕಂಡುಹಿಡಿಯುವುದೂ ಇದೇ ಗಣಿತದಿಂದ. ಒಂದು ಸಲಕ್ಕೆ ಲಕ್ಷಗಟ್ಟಲೆ ಬಿಂದುಗಳು ಬರುತ್ತವೆ. ವಸ್ತುವನ್ನು ತಿರುಗಿಸಿ ತಿರುಗಿಸಿ ತೆಗೆದ ಬಿಂದುಗಳ ರಾಶಿಯನ್ನು ಸಾಫ್ಟ್‌ವೇರ್ ಹೆಣೆದು ತ್ರಿಕೋನಗಳ ಬಲೆಯನ್ನಾಗಿ ಮಾಡುತ್ತದೆ. ನಿಮ್ಮ ಕೈಗೆ ಬಂದ ಫೈಲು ಎಂದರೆ ಆ ಬಲೆ.

ಇದರಿಂದ ಒಂದು ಸಂಗತಿ ತಾನಾಗಿ ಹೊರಡುತ್ತದೆ: ಬೆಳಕು ಹೋಗದ ಕಡೆ ಅಳತೆ ಇಲ್ಲ. ನಿಮ್ಮ ಇಂಪೆಲ್ಲರ್ ಎರಡೂ ಬದಿ ಮುಚ್ಚಿದ್ದು. ನೀರು ಒಳಬರುವ ಮಧ್ಯದ ಬಾಯಿ, ಅಂದರೆ ಕಣ್ಣಿನಿಂದ ಒಂದಿಷ್ಟು, ಸುತ್ತಂಚಿನ ಐದು ಬಾಯಿಗಳಿಂದ ಇನ್ನೊಂದಿಷ್ಟು ಒಳಗೆ ಕಾಣುತ್ತದೆ, ಅಷ್ಟೇ. ನಿಮ್ಮ ವರದಿಯ ಚಿತ್ರಗಳನ್ನು ದೊಡ್ಡದು ಮಾಡಿ ನೋಡಿ. ನೀರು ಹರಿಯುವ ದಾರಿಗಳ ಒಳಭಾಗ ಹಸಿರಾಗಿಲ್ಲ, ಬೂದು ಬಣ್ಣದಲ್ಲಿದೆ. ಬೂದು ಎಂದರೆ ಅಲ್ಲಿ ಹೋಲಿಸಲು ಏನೂ ಸಿಕ್ಕಿಲ್ಲ ಎಂದರ್ಥ. ಪ್ಯಾಟರ್ನ್ ಪ್ರಿಂಟ್ ಮಾಡಬೇಕಾದರೆ ಬಲೆಯಲ್ಲಿ ತೂತು ಉಳಿಯುವಂತಿಲ್ಲ, ಆದ್ದರಿಂದ ಯಾರೋ ಸಾಫ್ಟ್‌ವೇರಿಗೆ ತೂತು ಮುಚ್ಚಲು ಹೇಳಿದ್ದಾರೆ. ಅದು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಚರ್ಮ ಎಳೆದಂತೆ ಎಳೆದು ಮುಚ್ಚಿದೆ. ಬ್ಲೇಡಿನ ಬಾಗು ಅಲ್ಲಿ ನಿಜವಾಗಿ ಹೇಗಿತ್ತು ಎಂಬುದು ಅದಕ್ಕೆ ತಿಳಿಯದು. ನೀರನ್ನು ಮೇಲೆತ್ತುವುದು ಆ ಬಾಗು. ಹೊರಗಿನ ತಟ್ಟೆಗಳ ನುಣುಪಲ್ಲ.

ಒಳಭಾಗವನ್ನು ನೋಡಲು ಮೂರು ದಾರಿಗಳಿವೆ. ಎಕ್ಸ್‌ರೇ ಹಾಯಿಸುವ ಕೈಗಾರಿಕಾ ಸಿಟಿ ಸ್ಕ್ಯಾನ್ ಒಂದು. ದಪ್ಪ ಕಬ್ಬಿಣವನ್ನು ಹಾದುಹೋಗಲು ಭಾರೀ ಶಕ್ತಿಯ ಯಂತ್ರ ಬೇಕಾಗುತ್ತದೆ. ಒಂದೇ ಒಂದು ಇಂಪೆಲ್ಲರಿಗಾಗಿ ಆ ಖರ್ಚು ಮಾಡಿ ಎಂದು ನಾನು ಹೇಳಲಾರೆ. ಇನ್ನೊಂದು, ಒಂದು ದಾರಿಯೊಳಗೆ ಸಿಲಿಕಾನ್ ರಬ್ಬರ್ ಸುರಿದು, ಗಟ್ಟಿಯಾದ ಮೇಲೆ ಎಳೆದು ತೆಗೆದು ಆ ರಬ್ಬರನ್ನು ಸ್ಕ್ಯಾನ್ ಮಾಡುವುದು. ನನಗೆ ಹೆಚ್ಚು ನಂಬಿಕೆ ಇರುವುದು ಮೂರನೆಯದರಲ್ಲಿ. ಹಳೆಯದು ಹೇಗೂ ಗುಜರಿಗೆ ಹೋಗಬೇಕಾದ್ದು. ಗಿರಾಕಿಯ ಒಪ್ಪಿಗೆ ಪಡೆದು, ಹೊರಗಿನ ಅಳತೆಗಳನ್ನೆಲ್ಲ ಬರೆದಿಟ್ಟುಕೊಂಡು, ಲೇತಿನಲ್ಲಿ ಮುಂದಿನ ತಟ್ಟೆಯನ್ನು ಸಿಪ್ಪೆ ಸುಲಿದಂತೆ ತೆಗೆದುಬಿಡಿ. ಐದು ಬ್ಲೇಡುಗಳೂ ಅಂಗೈ ಮೇಲಿಟ್ಟಂತೆ ಕಾಣುತ್ತವೆ. ಆಗ ಸ್ಕ್ಯಾನ್ ಮಾಡಿಸಿ.

ಕಂಡ ಬ್ಲೇಡುಗಳನ್ನೂ ಇದ್ದಂತೆಯೇ ನಕಲು ಮಾಡಬೇಡಿ. ನದಿಯ ನೀರಿನಲ್ಲಿ ಮರಳಿರುತ್ತದೆ. ಮರಳು ಬ್ಲೇಡಿನ ತುದಿಯನ್ನು ತೆಳ್ಳಗೆ ಮಾಡುತ್ತದೆ, ನೀರು ಒಳಬರುವ ಅಂಚನ್ನು ಕಚ್ಚಿ ಕಚ್ಚಿ ತಿನ್ನುತ್ತದೆ, ಆದರೆ ಐದು ಬ್ಲೇಡುಗಳನ್ನು ಒಂದೇ ಸಮನಾಗಿ ತಿನ್ನುವುದಿಲ್ಲ. ನಮಗೆ ದಾರಿ ತೋರಿಸುವುದು ಈ ಅಸಮಾನತೆಯೇ. ಐದೂ ಬ್ಲೇಡುಗಳು ಹುಟ್ಟುವಾಗ ಒಂದೇ ತೆರನಾಗಿದ್ದವು. ಕಂಪ್ಯೂಟರಿನಲ್ಲಿ ಬೋರಿನ ಅಕ್ಷದ ಸುತ್ತ 72 ಡಿಗ್ರಿಯಂತೆ ತಿರುಗಿಸಿ ಐದನ್ನೂ ಒಂದರ ಮೇಲೊಂದು ಇಡಿ. ಪ್ರತಿ ಜಾಗದಲ್ಲೂ ಯಾವ ಬ್ಲೇಡಿನಲ್ಲಿ ಲೋಹ ಹೆಚ್ಚು ಉಳಿದಿದೆಯೋ ಅದು ಮೂಲಕ್ಕೆ ಹೆಚ್ಚು ಹತ್ತಿರ. ಸವೆತ ಕಡಿಮೆ ಇರುವ ಬುಡದ ಕಡೆಯ ಬಾಗನ್ನು ಹಿಡಿದುಕೊಂಡು, ಉಳಿದ ಸಾಕ್ಷ್ಯವನ್ನು ಅದರ ಮೇಲೆ ಜೋಡಿಸುತ್ತ ಹೊಸ ಬ್ಲೇಡೊಂದನ್ನು ಎಳೆಯಿರಿ. ಒಂದೇ ಬ್ಲೇಡು. ಅದನ್ನೇ ಐದು ಸಲ ಸುತ್ತ ಇಟ್ಟರೆ ಇಂಪೆಲ್ಲರ್ ಸಿದ್ಧ. ತ್ರಿಕೋನಗಳ ಬಲೆಯನ್ನು ಮುಂದಿಟ್ಟುಕೊಂಡು ಕ್ಯಾಡ್‌ನಲ್ಲಿ ಹೊಸದಾಗಿ ಡ್ರಾಯಿಂಗ್ ಕಟ್ಟುವ ಕೆಲಸ ಇದು. ಎರಡು ಮೂರು ದಿನ ಹಿಡಿಯುತ್ತದೆ. ಈ ದಿನಗಳನ್ನು ಉಳಿಸಲು ಹೋಗಿಯೇ ಹೆಚ್ಚಿನವರು ಕೆಡುವುದು.

ಹೊರವ್ಯಾಸದ ವಿಚಾರದಲ್ಲಿ ಇನ್ನಷ್ಟು ಎಚ್ಚರ ಬೇಕು. ನಿಮ್ಮ 245 ಎಲ್ಲಿಂದ ಬಂತು? ಮೂಲದಲ್ಲಿ 250 ಇದ್ದು ಸವೆದದ್ದೋ, ಅಥವಾ ಪಂಪನ್ನು ಕೂರಿಸುವಾಗಲೇ ಆ ಊರಿನ ಎತ್ತರಕ್ಕೆ ತಕ್ಕಂತೆ ಬೇಕೆಂದೇ ಲೇತಿನಲ್ಲಿ ಇಳಿಸಿದ್ದೋ? ಎರಡೂ ಸಾಧ್ಯ. ಅಂಚನ್ನು ಓರೆ ಬೆಳಕಿನಲ್ಲಿ ಹಿಡಿದು ನೋಡಿ. ತಟ್ಟೆಯ ಮೂಲೆಗಳಲ್ಲಿ ಎಲ್ಲಾದರೂ ಟೂಲ್ ಹಾದ ಸಣ್ಣ ಗೆರೆಗಳು ಉಳಿದಿದ್ದರೆ ಅದು ಮನುಷ್ಯ ಇಳಿಸಿದ ಅಳತೆ. ನಯವಾಗಿ, ನೀರು ನೆಕ್ಕಿದಂತೆ ದುಂಡಗಾಗಿದ್ದರೆ ಮರಳಿನ ಕೆಲಸ. ಪಂಪಿನ ಹೊರ ಕವಚ ಹೇಗೂ ಸ್ಥಳದಲ್ಲೇ ಇದೆಯಲ್ಲ, ಅದರ ನಾಲಿಗೆಗೂ (ನೀರು ಹೊರಹೋಗುವ ದಾರಿಯ ಬಳಿ ಒಳಗೆ ಚಾಚಿದ ಅಂಚು) ಇಂಪೆಲ್ಲರಿಗೂ ನಡುವೆ ಎಷ್ಟು ಸಂದು ಇದೆ ಎಂದು ಅಳೆಯಿರಿ. ಐದು ಮಿ.ಮೀ. ಏನು ಮಹಾ ಎನ್ನಬೇಡಿ. ನೀರು ಏರುವ ಎತ್ತರ ಸುಮಾರಾಗಿ ವ್ಯಾಸದ ವರ್ಗದಂತೆ ಬದಲಾಗುತ್ತದೆ. 250ರಿಂದ 245ಕ್ಕೆ ಇಳಿದರೆ ವ್ಯಾಸ ಶೇ. 2ರಷ್ಟು, ಎತ್ತರ ಶೇ. 4ರಷ್ಟು ಕಡಿಮೆ. ಇದರ ಜೊತೆಗೆ ಕಣ್ಣಿನ ಸುತ್ತ ವೇರ್ ರಿಂಗ್ (ನೀರು ಹಿಂದಕ್ಕೆ ಸೋರದಂತೆ ತಡೆಯುವ ಬಳೆ) ಕೂರುವ ಜಾಗವೂ ಸವೆದೇ ಇರುತ್ತದೆ. ಅಲ್ಲಿ ಸಾಮಾನ್ಯವಾಗಿ ಅರ್ಧ ಮಿ.ಮೀ.ಗಿಂತ ಕಡಿಮೆ ಇರಬೇಕಾದ ಸಂದು ದೊಡ್ಡದಾದರೆ, ಮೇಲೆ ಹೋಗಬೇಕಾದ ನೀರು ಅಲ್ಲೇ ಹಿಂದಕ್ಕೆ ಸೋರಿ ಒಳಗೇ ಸುತ್ತುತ್ತದೆ. ನೀರು ಏರದಿರುವುದಕ್ಕೆ ಕಾರಣ ಇವಿಷ್ಟರಲ್ಲೇ ಇದೆ ಎಂಬುದು ನನ್ನ ತೀರ್ಮಾನ.

ಇನ್ನು ಅದುರುವಿಕೆ. ನಿಮ್ಮ ವರದಿಯ ಮೂಲೆಯಲ್ಲಿರುವ ಬಣ್ಣದ ಪಟ್ಟಿ ನೋಡಿ. ಹಸಿರು ಶುರುವಾಗುವುದು ಮೈನಸ್ 0.5ಕ್ಕೆ, ಮುಗಿಯುವುದು ಪ್ಲಸ್ 0.5ಕ್ಕೆ. ಅಂದರೆ ಒಂದಿಡೀ ಮಿಲಿಮೀಟರಿನ ವ್ಯತ್ಯಾಸ ಹಸಿರಿನೊಳಗೆ ಅಡಗಬಹುದು. ಹಸಿರಿನ ಅಗಲವನ್ನು ನಿರ್ಧರಿಸುವುದು ವರದಿ ಬರೆಯುವವರು. ಯಾವುದೇ ಬಣ್ಣದ ನಕ್ಷೆ ಕೈಗೆ ಬಂದರೂ ಚಿತ್ರಕ್ಕಿಂತ ಮೊದಲು ಆ ಪಟ್ಟಿಯನ್ನು ಓದಿ.

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಎರಡು ವಸ್ತುಗಳನ್ನು ಹೋಲಿಸಲು ಮೊದಲು ಒಂದರ ಮೇಲೊಂದನ್ನು ಕೂರಿಸಬೇಕಲ್ಲ, ಅದನ್ನು ಮಾಡಲು ಹಲವು ಬಗೆಗಳಿವೆ. ನಿಮ್ಮ ವರದಿಯಲ್ಲಿ ಬಳಸಿದ್ದು ಬೆಸ್ಟ್ ಫಿಟ್. ಲಕ್ಷಾಂತರ ಬಿಂದುಗಳ ಒಟ್ಟು ವ್ಯತ್ಯಾಸ ಅತಿ ಕಡಿಮೆ ಆಗುವಂತೆ ಸಾಫ್ಟ್‌ವೇರ್ ವಸ್ತುವನ್ನು ಅತ್ತಿತ್ತ ಸರಿಸಿ, ಓರೆ ಮಾಡಿ ಕೂರಿಸುತ್ತದೆ. ಇದರಿಂದ ಒಂದು ಕಡೆಯ ತಪ್ಪು ಎಲ್ಲ ಕಡೆಗೂ ತೆಳ್ಳಗೆ ಹಂಚಿಹೋಗುತ್ತದೆ. ತಟ್ಟೆಗಳ ಮೇಲ್ಮೈ ದೊಡ್ಡದು, ಅಲ್ಲಿ ಬಿಂದುಗಳು ಹೆಚ್ಚು. ಬೋರಿನ ಮೇಲ್ಮೈ ಸಣ್ಣದು, ಬಿಂದುಗಳು ಕಡಿಮೆ. ಬಹುಮತದ ಲೆಕ್ಕದಲ್ಲಿ ಬೋರಿನ ಮಾತು ನಡೆಯುವುದಿಲ್ಲ. ಆದರೆ ಶಾಫ್ಟಿನ ಮೇಲೆ ಕೂರುವುದು ಬೋರು. ಪಂಪಿನೊಳಗೆ ಇಂಪೆಲ್ಲರ್ ತಿರುಗುವುದು ಬೋರಿನ ಅಕ್ಷದ ಸುತ್ತ.

ಅದೇ ಫೈಲುಗಳನ್ನು ನಾನು ಬೋರಿನ ಅಕ್ಷ, ಹಬ್ (ಬೋರಿನ ಸುತ್ತಲಿನ ದಪ್ಪ ಭಾಗ) ಎಂಬುದರ ಮುಖ, ಕೀ-ವೇ (ಶಾಫ್ಟಿನ ಕೀಲು ಕೂರುವ ಸೀಳು) ಈ ಮೂರಕ್ಕೆ ಕೂಡಿಸಿ, ಹಸಿರಿನ ಅಗಲವನ್ನು 0.1ಕ್ಕೆ ಇಳಿಸಿ ಮತ್ತೆ ಹೋಲಿಸಿದೆ. ಚಿತ್ರ ಬೇರೆಯೇ ಆಯಿತು. ಮುಂದಿನ ತಟ್ಟೆಯ ಇಳಿಜಾರು ಅರ್ಧ ಕೆಂಪು, ಎದುರಿನ ಅರ್ಧ ನೀಲಿ. ಬ್ಲೇಡಿನ ತುದಿಗಳು, ಕಣ್ಣಿನ ಒಳ ಅಂಚು, ಎರಕದಿಂದ ಬಂದ ಎಲ್ಲವೂ ಒಟ್ಟಾಗಿ ಬೋರಿನಿಂದ 0.4 ಮಿ.ಮೀ. ಪಕ್ಕಕ್ಕೆ ಸರಿದಿವೆ. ಹೊರವ್ಯಾಸ ಮಾತ್ರ ಬೋರಿಗೆ ಸರಿಯಾಗಿದೆ, ಏಕೆಂದರೆ ಬೋರ್ ಹೊಡೆದ ಮೇಲೆ ಅದನ್ನೇ ಆಧಾರವಾಗಿ ಹಿಡಿದು ನೀವು ಹೊರವ್ಯಾಸವನ್ನು ಹೊಡೆದಿರಬೇಕು. ಬೋರ್ ಹೊಡೆಯುವಾಗ ಹಸಿ ಎರಕವನ್ನು ಸುತ್ತಂಚಿನಿಂದ ಮೂರು ದವಡೆಯ ಚಕ್ಕಿನಲ್ಲಿ ಹಿಡಿದಿರಬೇಕು. ಅಚ್ಚಿನ ಎರಡು ಪೆಟ್ಟಿಗೆಗಳು ಕೂಡಿದ ಗೆರೆಯ ಉಬ್ಬಿನ ಮೇಲೆ ದವಡೆಯೊಂದು ಕೂತಿರಬೇಕು. ಅಲ್ಲಿಂದ ಬಂದದ್ದು ಈ 0.4.

ಅದರ ಬೆಲೆ ಎಷ್ಟು ಎಂದು ಲೆಕ್ಕ ಹಾಕೋಣ. ಪಂಪಿನ ಇಂಪೆಲ್ಲರಿಗೆ ಐಎಸ್‌ಒ 21940 ಮಾನಕದಲ್ಲಿ ಜಿ 6.3 ಎಂಬ ಬ್ಯಾಲೆನ್ಸ್ ದರ್ಜೆ ಇದೆ. 1450 ವೇಗಕ್ಕೆ ತೂಕದ ನಡುಬಿಂದು ಅಕ್ಷದಿಂದ ಸರಿಯಬಹುದಾದದ್ದು ಸುಮಾರು 0.04 ಮಿ.ಮೀ. 6 ಕಿಲೋ ಇಂಪೆಲ್ಲರಿಗೆ ಇದು 100 ಮಿ.ಮೀ. ತ್ರಿಜ್ಯದಲ್ಲಿ ಎರಡೂವರೆ ಗ್ರಾಂ ಹೆಚ್ಚುವರಿ ತೂಕ ಇದ್ದಂತೆ. ನಿಮ್ಮದರಲ್ಲಿ ಪೂರ್ತಿ ತೂಕವೂ 0.4 ಸರಿದಿದೆ ಎಂದುಕೊಂಡರೆ ಅದೇ ಜಾಗದಲ್ಲಿ 24 ಗ್ರಾಂ. ನಿಮಿಷಕ್ಕೆ 1450 ಸಲ ಆ 24 ಗ್ರಾಂ ಶಾಫ್ಟನ್ನು ಪಕ್ಕಕ್ಕೆ ಎಳೆಯುತ್ತಿದೆ. ಬ್ಯಾಲೆನ್ಸಿಂಗ್ ಯಂತ್ರದಲ್ಲಿ ಒಂದು ಬದಿ ಉಜ್ಜಿ ತೂಕವನ್ನು ಸರಿದೂಗಿಸಬಹುದು. ಆದರೆ ಬ್ಲೇಡುಗಳು ಪಕ್ಕಕ್ಕೆ ಸರಿದೇ ಇರುತ್ತವೆ, ನೀರಿನ ತಳ್ಳಾಟ ಸಮನಾಗುವುದಿಲ್ಲ, ಬೇರಿಂಗ್ ಬೇಗ ಹೋಗುತ್ತದೆ. ಇದನ್ನು ಉಜ್ಜಿ ಉಳಿಸಿಕೊಳ್ಳಲು ಹೋಗಬೇಡಿ.

ನನ್ನಿಂದಲೂ ಇಂಥದೇ ತಪ್ಪಾಗಿತ್ತು. ಚಿಂಚವಾಡದಲ್ಲಿ ಅಳತೆ ಕೋಣೆ ತೆರೆದ ಮೊದಲ ವರ್ಷಗಳಲ್ಲಿ ಅಲ್ಯೂಮಿನಿಯಂ ಗೇರ್ ಪೆಟ್ಟಿಗೆಯ ಮುಚ್ಚಳವೊಂದಕ್ಕೆ ಎಲ್ಲವೂ ಹಸಿರು ಇರುವ ವರದಿ ಕೊಟ್ಟಿದ್ದೆ. ಅದನ್ನು ನಂಬಿ ಅವರು ನಲವತ್ತು ಮುಚ್ಚಳ ಎರಕ ಹೊಯ್ಯಿಸಿದರು. ಒಂದಕ್ಕೂ ಡೋವೆಲ್ ಪಿನ್ನು (ಎರಡು ಭಾಗಗಳನ್ನು ಸರಿಯಾಗಿ ಕೂಡಿಸುವ ಮೊಳೆ) ಇಳಿಯಲಿಲ್ಲ. ನಾನೂ ಬೆಸ್ಟ್ ಫಿಟ್ ಒತ್ತಿಬಿಟ್ಟಿದ್ದೆ. ಡೋವೆಲ್ ತೂತುಗಳ ತಪ್ಪು ಮುಚ್ಚಳದ ಅಗಲ ಮೈಯಲ್ಲಿ ಕರಗಿಹೋಗಿತ್ತು. ಆ ನಲವತ್ತು ಮುಚ್ಚಳಗಳು ಗಿರಾಕಿಯ ಅಂಗಳದಲ್ಲಿ ಮಳೆಯಲ್ಲಿ ನೆನೆಯುತ್ತ ಬಿದ್ದಿದ್ದನ್ನು ನೋಡಿದ ಮೇಲೆ, ಯಾವ ಮೇಲ್ಮೈಗಳಿಗೆ ಕೂಡಿಸಿ ಹೋಲಿಸಿದೆ ಎಂಬುದನ್ನು ಪ್ರತಿ ವರದಿಯ ಮೊದಲ ಸಾಲಿನಲ್ಲೇ ಬರೆಯುತ್ತೇನೆ. ನಿಮಗೆ ವರದಿ ಕೊಡುವವರನ್ನೂ ಇದನ್ನೇ ಕೇಳಿ. ಉತ್ತರ ತಡವರಿಸಿದರೆ ಬೇರೆಯವರ ಬಳಿ ಹೋಗಿ.

ಮುಂದಿನ ಎರಕಕ್ಕೆ ಸ್ಕ್ಯಾನರನ್ನು ಕೆಲಸ ಮುಗಿದ ಮೇಲೆ ಕರೆಯಬೇಡಿ, ಲೇತಿಗೆ ಏರಿಸುವ ಮೊದಲೇ ಕರೆಯಿರಿ. ಹಸಿ ಎರಕವನ್ನು ಸ್ಕ್ಯಾನ್ ಮಾಡಿ ಕ್ಯಾಡ್ ಮಾದರಿಯ ಮೇಲೆ ಕೂರಿಸಿದರೆ, ಬ್ಲೇಡುಗಳ ನಿಜವಾದ ನಡುಬಿಂದು ಎಲ್ಲಿದೆ, ಬೋರ್ ಎಲ್ಲಿ ಹೊಡೆಯಬೇಕು, ಯಾವ ಮುಖದಲ್ಲಿ ಎಷ್ಟು ಲೋಹ ಉಳಿದಿದೆ ಎಂಬುದೆಲ್ಲ ಮೊದಲೇ ತಿಳಿಯುತ್ತದೆ. ಆ ನಡುಬಿಂದುವನ್ನು ಎರಕದ ಮೇಲೆ ಪಂಚ್ ಹೊಡೆದು ಗುರುತಿಸಿ, ನಾಲ್ಕು ದವಡೆಯ ಚಕ್ಕಿನಲ್ಲಿ ಡಯಲ್ ಇಟ್ಟು ಕೂರಿಸಿ. ಹಣ ಒಂದೇ ಸಲ ಖರ್ಚು ಮಾಡುವುದಾದರೆ ನಾನು ಈ ಹಂತಕ್ಕೇ ಮಾಡುತ್ತೇನೆ.

ಬೋರನ್ನು ಮಾತ್ರ ಸ್ಕ್ಯಾನಿನಿಂದ ಅಳೆಯಬೇಡಿ, ಸ್ಕ್ಯಾನಿನಿಂದ ಪಾಸೂ ಮಾಡಬೇಡಿ. 35 ಮಿ.ಮೀ. ಬೋರಿಗೆ ಎಚ್7 ಫಿಟ್ (ಬೋರಿನ ಅಳತೆಗೆ ಗೊತ್ತುಮಾಡಿದ ಮಿತಿ) ಎಂದರೆ ಸಿಗುವ ಅವಕಾಶ 0.025 ಮಿ.ಮೀ. ಅಷ್ಟೇ. ಅಳೆಯುವ ಉಪಕರಣ ಅದರ ಹತ್ತನೇ ಒಂದು ಭಾಗವನ್ನಾದರೂ ನಂಬಿಕೆಯಿಂದ ಹೇಳಬೇಕು ಎಂಬುದು ನಮ್ಮ ವೃತ್ತಿಯ ಹಳೆಯ ಕಟ್ಟಳೆ. ಕೈಯಲ್ಲಿ ಹಿಡಿಯುವ ಸ್ಕ್ಯಾನರಿಗೆ ಅದು ಆಗದು. ಬೋರ್ ಗೇಜು, ಮೈಕ್ರೋಮೀಟರು, ಇಲ್ಲವೇ ಸಿಎಂಎಂ (ಮುಟ್ಟಿ ಅಳೆಯುವ ಯಂತ್ರ) ಬಳಸಿ. ಜೊತೆಗೆ ಸೆಕೆಯನ್ನು ಮರೆಯಬೇಡಿ. ಉದ್ದದ ಅಳತೆಗೆ ಜಗತ್ತು ಒಪ್ಪಿಕೊಂಡ ಉಷ್ಣತೆ 20 ಡಿಗ್ರಿ. ಏಪ್ರಿಲಿನಲ್ಲಿ ಭೋಸರಿಯ ತಗಡಿನ ಶೆಡ್ಡಿನಲ್ಲಿ 38 ಇದ್ದರೆ, ನಿಮ್ಮ 245 ಮಿ.ಮೀ. ಬೀಡು ಕಬ್ಬಿಣ ಸುಮಾರು 0.05 ಮಿ.ಮೀ. ಹಿಗ್ಗಿರುತ್ತದೆ, ಬೋರು ಸುಮಾರು 0.007. ಹೊರವ್ಯಾಸಕ್ಕೆ ಇದು ಲೆಕ್ಕಕ್ಕಿಲ್ಲ. ಬೋರಿಗೆ, ಸಿಗುವ ಅವಕಾಶದ ಕಾಲು ಭಾಗವನ್ನು ಸೆಕೆಯೇ ತಿಂದಂತೆ.

ಸಣ್ಣ ಎರಡು ಮಾತು. ಎಸ್‌ಟಿಎಲ್ ಫೈಲಿನಲ್ಲಿ (ತ್ರಿಕೋನಗಳ ಬಲೆಯ ಫೈಲು ಇದೇ) ಅಂಕಿಗಳಿರುತ್ತವೆಯೇ ಹೊರತು ಮಾನ ಇರುವುದಿಲ್ಲ. ಮಿಲಿಮೀಟರೋ ಇಂಚೋ ಎಂದು ಬಾಯಲ್ಲಿ ಹೇಳಿ, ಒಂದು ಗೊತ್ತಾದ ಅಳತೆಯನ್ನು ಬರೆದೂ ಕಳಿಸಿ. ಹಳೆಯ ಎರಕದ ಮೇಲೆ ಕಂಪನಿಯ ಹೆಸರೋ ಗುರುತೋ ಉಬ್ಬಿದ್ದರೆ ಅದನ್ನು ಮಾದರಿಯಿಂದ ಅಳಿಸಿ. ಭಾರತದಲ್ಲಿ ಪೇಟೆಂಟಿನ ಅವಧಿ 20 ವರ್ಷ, ನೋಂದಾಯಿತ ವಿನ್ಯಾಸದ್ದು ಹೆಚ್ಚೆಂದರೆ 15. ಬಿಡಿಭಾಗ ಅಷ್ಟು ಹಳೆಯದಾಗಿದ್ದರೂ ಇನ್ನೊಬ್ಬರ ಹೆಸರು ಹೊತ್ತ ವಸ್ತುವನ್ನು ನೀವು ಮಾರುವಂತಿಲ್ಲ.

ಇಷ್ಟೆಲ್ಲ ಓದಿ ಸ್ಕ್ಯಾನಿಂಗ್ ಮೇಲೆಯೇ ನಿಮಗೆ ಬೇಸರ ಬರಬಾರದು. 1999ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮಾರ್ಕ್ ಲೆವಾಯ್ ಅವರ ತಂಡ ಫ್ಲಾರೆನ್ಸಿನಲ್ಲಿ ಮೈಕೆಲಾಂಜೆಲೊನ ಡೇವಿಡ್ ಶಿಲ್ಪವನ್ನು ಲೇಸರಿನಿಂದ ಸ್ಕ್ಯಾನ್ ಮಾಡಿತು. ಕಲಾ ಇತಿಹಾಸದ ಪುಸ್ತಕಗಳಲ್ಲಿ ಅದರ ಎತ್ತರ 434 ಸೆಂ.ಮೀ. ಎಂದಿತ್ತು. ಅಳೆದಾಗ ಬಂದದ್ದು 517. ಲೋಕವೆಲ್ಲ ಬಂದು ನೋಡುವ ಶಿಲ್ಪದ ಎತ್ತರದಲ್ಲೇ ಮುಕ್ಕಾಲು ಮೀಟರಿಗಿಂತ ಹೆಚ್ಚಿನ ತಪ್ಪು ಪುಸ್ತಕದಿಂದ ಪುಸ್ತಕಕ್ಕೆ ನಡೆದುಬಂದಿತ್ತು. ನಮ್ಮಲ್ಲಿಯೂ ಬೆಂಗಳೂರಿನ ಮಿಥಿಕ್ ಸೊಸೈಟಿಯವರು 2021ರಿಂದ ಬೆಂಗಳೂರು ಸುತ್ತಲಿನ ಶಿಲಾಶಾಸನಗಳನ್ನು ತ್ರೀಡಿಯಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ. ಸವೆದ ಕಲ್ಲಿನ ಮೇಲೆ ಬರಿಗಣ್ಣಿಗೆ ಕಾಣದ ಅಕ್ಷರ, ಪರದೆಯ ಮೇಲೆ ಬೆಳಕನ್ನು ಓರೆಯಾಗಿ ಹಾಯಿಸಿದರೆ ಎದ್ದುಬರುತ್ತದೆ. ಕಲ್ಲನ್ನು ಮುಟ್ಟುವ ಅಗತ್ಯವೂ ಇಲ್ಲ.

ನಿಮ್ಮ ಮೈಲಾರಲಿಂಗನ ವಿಚಾರದಲ್ಲಿ ನನ್ನ ಸಲಹೆ ಪೂರ್ತಿ ತಿರುಗುತ್ತದೆ. ಇಂಪೆಲ್ಲರಿನಲ್ಲಿ ಸವೆತವನ್ನು ದಾಟಿ ಮೂಲವನ್ನು ಹುಡುಕಿ ಎಂದೆ. ಮುಖವಾಡದಲ್ಲಿ ಸವೆತವನ್ನು ಮುಟ್ಟಬೇಡಿ. ಮೂಗಿನ ತುದಿ ನುಣುಪಾಗಿದ್ದರೆ, ಕೆನ್ನೆಯ ಒಂದು ಭಾಗ ತಗ್ಗಾಗಿದ್ದರೆ, ಹಣೆಯ ವಿಭೂತಿಯ ಗೆರೆಗಳು ಮಾಸಿದ್ದರೆ, ಅದು ನಿಮ್ಮ ಅಜ್ಜಿ, ಮುತ್ತಜ್ಜಿ ಪ್ರತಿ ಭಾನುವಾರ ಹುಣಸೆಹಣ್ಣು ಹಚ್ಚಿ ತಿಕ್ಕಿ, ಭಂಡಾರ (ಅರಿಶಿನ ಪುಡಿ) ಬಳಿದ ಬೆರಳಿನ ಗುರುತು. ನಿಮ್ಮ ತಾಯಿ ಕೇಳುತ್ತಿರುವುದು ಆ ಮುಖವನ್ನೇ. ಹೊಸ ಮುಖವೇ ಸಾಕೆಂದಿದ್ದರೆ ಜೇಜುರಿಯ ಅಂಗಡಿಯಲ್ಲಿ ಕೊಳ್ಳಬಹುದಿತ್ತಲ್ಲ. ಸಾಫ್ಟ್‌ವೇರಿನಲ್ಲಿ ಮೂಗು ಚೂಪು ಮಾಡಿಕೊಡುತ್ತೇನೆ, ಎಡ ಕೆನ್ನೆಯನ್ನು ಬಲ ಕೆನ್ನೆಯಂತೆ ಮಾಡಿಕೊಡುತ್ತೇನೆ ಎಂದು ಯಾರಾದರೂ ಹೇಳಿದರೆ ಬೇಡ ಎನ್ನಿ.

ಹಿತ್ತಾಳೆ ಕನ್ನಡಿಯಂತೆ ಹೊಳೆಯುತ್ತದೆ, ಹೊಳಪಿನಲ್ಲಿ ಪಟ್ಟೆಗಳು ಚೆಲ್ಲಾಪಿಲ್ಲಿಯಾಗುತ್ತವೆ. ಸ್ಕ್ಯಾನಿಗೆ ಮೊದಲು ತಿಕ್ಕಿ ಫಳಫಳ ಮಾಡಬೇಡಿ. ಭಂಡಾರ ಮೆತ್ತಿಕೊಂಡಿದ್ದರೆ ಹೊಳಪು ಕಡಿಮೆ, ಒಳ್ಳೆಯದೇ ಆಯಿತಲ್ಲ ಎಂದು ನಾನು ಒಮ್ಮೆ ಅಂದುಕೊಂಡಿದ್ದೆ. ಅಂಥದೇ ಒಂದು ಮುಖವಾಡವನ್ನು ನೀಲಿ ಬೆಳಕಿನ ಸ್ಕ್ಯಾನರ್ ಎದುರು ಇಟ್ಟಾಗ ಪರದೆಯ ಮೇಲೆ ದೇವರ ಮುಖ ಇದ್ದಿಲಿನಷ್ಟು ಕಪ್ಪಾಗಿ ಕಂಡಿತು. ಕಣ್ಣು, ಮೂಗು, ಮೀಸೆಯ ಸಂದು ಎಲ್ಲೂ ಒಂದು ಪಟ್ಟೆಯೂ ಇಲ್ಲ. ಸ್ವಲ್ಪ ಹೊತ್ತಿನ ನಂತರ ಹೊಳೆಯಿತು: ಅರಿಶಿನ ಹಳದಿಯಾಗಿ ಕಾಣುವುದೇ ನೀಲಿ ಬೆಳಕನ್ನು ನುಂಗುವುದರಿಂದ. ಆದ್ದರಿಂದ ಮೆತ್ತನೆಯ ಕುಂಚದಿಂದ, ಬೆಚ್ಚಗಿನ ನೀರಿನಿಂದ ಅರಿಶಿನವನ್ನು ಸಂದುಗಳಿಂದ ತೆಗೆಯಿರಿ, ಹುಣಸೆ ಬೇಡ. ಅದರ ಮೇಲೆ ಬಿಳಿ ಸ್ಪ್ರೇ ಬೇಕಾಗುತ್ತದೆ. ಟೈಟಾನಿಯಂ ಡಯಾಕ್ಸೈಡಿನ ಸ್ಪ್ರೇ ಸಂದುಗಳಲ್ಲಿ ಉಳಿದುಬಿಡುತ್ತದೆ, ತೊಳೆಯಲೇಬೇಕು. ಕರ್ಪೂರದಂತೆ ತಾನಾಗಿ ಆವಿಯಾಗಿ ಹೋಗುವ ಸ್ಪ್ರೇಗಳು ಸಿಗುತ್ತವೆ, ಅದನ್ನೇ ತರಲು ಹೇಳಿ. ಇವೆಲ್ಲ ಮಾಡುವ ಮೊದಲು ತಾಯಿಯವರಿಗೆ ಹೇಳಿ, ಅವರ ಎದುರೇ ಮಾಡಿ. ಸ್ಕ್ಯಾನರ್ ಒಂದು ಪೆಟ್ಟಿಗೆಯಲ್ಲಿ ಹಿಡಿಸುತ್ತದೆ. ಯಂತ್ರವನ್ನೇ ಮನೆಗೆ ಕರೆಸಿಕೊಳ್ಳಿ, ದೇವರು ಮನೆ ಬಿಟ್ಟು ಹೊರಡುವುದು ಬೇಡ.

ನಿಮ್ಮ ಮಗ ಹೇಳುವುದರಲ್ಲಿ ಅರ್ಧ ನಿಜವಿದೆ. ಮೊಬೈಲಿನಿಂದ ಸುತ್ತಲೂ ನೂರಾರು ಫೋಟೋ ತೆಗೆದು, ಒಂದರ ಮೇಲೊಂದು ಹಾಸಿಕೊಳ್ಳುವಂತೆ ಜೋಡಿಸಿದರೆ ರೂಪ ಚೆನ್ನಾಗಿಯೇ ಬರುತ್ತದೆ, ಬಣ್ಣವೂ ಬರುತ್ತದೆ. ಆದರೆ ಫೋಟೋಗೆ ಗಾತ್ರ ಗೊತ್ತಿಲ್ಲ, ಪಕ್ಕದಲ್ಲಿ ಸ್ಟೀಲ್ ಸ್ಕೇಲೊಂದನ್ನು ಇಡಲೇಬೇಕು. ಹೊಳಪಿನ ತೊಂದರೆ ಅಲ್ಲಿಯೂ ಇದೆ. ನೇರ ಬಿಸಿಲು ಬೇಡ, ಮೋಡದ ದಿನ ವರಾಂಡದಲ್ಲಿ ತೆಗೆಯಲಿ. ಕೆಲವು ಫೋನುಗಳಲ್ಲಿರುವ ಲೈಡಾರ್ (ಬೆಳಕಿನಿಂದ ದೂರ ಅಳೆಯುವ ಸಾಧನ) ಕೋಣೆ ಅಳೆಯಲು ಸರಿ, ಅಂಗೈಯಗಲದ ಮುಖಕ್ಕೆ ಒರಟು. ಮಗ ತೆಗೆದ ಫೋಟೋಗಳನ್ನು ದಾಖಲೆಯಾಗಿ ಇಟ್ಟುಕೊಳ್ಳಿ, ಎರಕಕ್ಕೆ ಸ್ಕ್ಯಾನನ್ನೇ ಬಳಸಿ.

ಮಾಡಿಸುವಾಗ ಮೊದಲು ಗಮನಿಸಬೇಕಾದದ್ದು, ನಿಮ್ಮದು ಎರಕವೋ ಬಡಿದ ತಗಡೋ ಎಂಬುದು. ಹಿಂಬದಿಯಲ್ಲಿ ಮುಂಬದಿಯ ಉಬ್ಬೆಲ್ಲ ತಗ್ಗಾಗಿ ಕಂಡರೆ, ಅಂಚು ಒಂದು ಮಿ.ಮೀ. ಆಸುಪಾಸಿನಲ್ಲಿದ್ದರೆ ಅದು ತಗಡು. ಅಷ್ಟು ತೆಳ್ಳಗೆ ಎರಕ ಹೊಯ್ಯುವುದು ಕಷ್ಟ. ಹೊರಮುಖವನ್ನು ಇದ್ದಂತೆಯೇ ಬಿಟ್ಟು ಒಳಗಿನಿಂದ ಎರಡೂವರೆ ಮಿ.ಮೀ.ವರೆಗೆ ದಪ್ಪ ಮಾಡಬೇಕಾಗುತ್ತದೆ, ತೂಕ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ. ಪಲ್ಲಕ್ಕಿಯಲ್ಲಿ ಕೂರಿಸುವ, ಕಳಸಕ್ಕೆ ಕಟ್ಟುವ ರೂಢಿ ನಿಮ್ಮಲ್ಲಿದ್ದರೆ ಇದನ್ನು ಮೊದಲೇ ಯೋಚಿಸಿ. ಮೇಣದಂಥ ರಾಳದಲ್ಲಿ ಪ್ರಿಂಟ್ ಮಾಡಿಸಿ, ಹಿತ್ತಾಳೆಗೆ ಸುಮಾರು ಶೇ. 1.5ರಷ್ಟು ಹೆಚ್ಚಿಸಿ, ಮೇಣದ ಎರಕದ ಪದ್ಧತಿಯಲ್ಲಿ ಹೊಯ್ಯಿಸಿ. ಪ್ರಿಂಟಿನ ಪದರಗಳ ಗೆರೆ ಕೆನ್ನೆಯ ಮೇಲೆ ಉಳಿಯುತ್ತದೆ. ಅದನ್ನು ತೆಗೆಯುವುದು, ಕಣ್ಣಿನ ಅಂಚನ್ನು ಬಿಡಿಸುವುದು ಕೈಯ ಕೆಲಸ. ಪುಣೆಯ ಕಸಬಾ ಪೇಠೆಯ ತಾಂಬಟ್ ಆಳಿಯಲ್ಲಿ ತಾಮ್ರ ಹಿತ್ತಾಳೆ ಬಡಿಯುವ ಕೆಲಸಗಾರರು ಈಗಲೂ ಇದ್ದಾರೆ. ಮೂಲ ಮುಖವಾಡವನ್ನು ಎದುರಿಗಿಟ್ಟು ಅಲ್ಲಿ ವಿಚಾರಿಸಿ. ಎರಕಕ್ಕಿಂತ ತಗಡನ್ನೇ ಬಡಿಯುವುದು ವಾಸಿ ಎಂದು ಅವರು ಹೇಳಿದರೆ, ಪ್ರಿಂಟ್ ಮಾಡಿದ ಮುಖ ಅವರಿಗೆ ನೋಡಿ ಬಡಿಯಲು ಮಾದರಿಯಾಗುತ್ತದೆ.

ಎರಡೂ ಪ್ರತಿಗಳ ಒಳಬದಿಯಲ್ಲಿ, ಪೂಜೆಗೆ ಕೂತಾಗ ಕಾಣದ ಜಾಗದಲ್ಲಿ, ಮಾಡಿಸಿದ ವರ್ಷವನ್ನೂ ‘ಪ್ರತಿ’ ಎಂಬ ಮಾತನ್ನೂ ಸಣ್ಣದಾಗಿ ಕೊರೆಸಿ. ಐವತ್ತು ವರ್ಷ ಹುಣಸೆಹಣ್ಣು ಕಂಡ ಮೇಲೆ ಮೂರೂ ಒಂದೇ ಥರ ಕಾಣುತ್ತವೆ, ನಿಮ್ಮ ಮೊಮ್ಮಕ್ಕಳಿಗೆ ಜಗಳದ ಕಾರಣ ಬೇಡ. ಸ್ಕ್ಯಾನಿನ ಮೂಲ ಫೈಲನ್ನು, ತೂತು ಮುಚ್ಚದ, ನುಣುಪು ಮಾಡದ ಫೈಲನ್ನು ಕೇಳಿ ಪಡೆದು ಮೂರೂ ಮನೆಗಳಲ್ಲಿ ಒಂದೊಂದು ಇಟ್ಟುಕೊಳ್ಳಿ. ಚಂಪಾಷಷ್ಠಿಗೆ ಪೂಜೆಗೆ ಕೂರಿಸಬೇಕೆಂದಿದ್ದರೆ ಸ್ಕ್ಯಾನ್ ದಸರೆಯೊಳಗೆ ಮುಗಿಯಲಿ. ದೀಪಾವಳಿಯ ಹಿಂದೆ ಮುಂದೆ ಹಿತ್ತಾಳೆ ಎರಕದವರ ಬಳಿ ಸರದಿ ಉದ್ದವಿರುತ್ತದೆ.